ಲೆಡ್ಜರಿನಲ್ಲಿದ್ದ ಊರಿಗೆ ದೋಣಿಯಲ್ಲಿ

ದಸರಾ ರಜೆಗೆ ಎಲ್ಲಿಗೆ ಹೋಗೋಣ ಎಂದು ಮೊಮ್ಮಕ್ಕಳನ್ನು ಕೇಳಿದ್ದೇ ತಪ್ಪಾಯಿತು. ಆರನೇ ತರಗತಿಯ ಮೊಮ್ಮಗಳು ಸಮುದ್ರ ಎಂದಳು. ಮೂರನೇ ತರಗತಿಯ ಮೊಮ್ಮಗ ನದಿ ಎಂದ. ಒಂದು ದೇವಸ್ಥಾನ ಇರುವ ಊರಾದರೆ ಯಾವುದಾದರೂ ಸರಿ ಎಂದಳು ನನ್ನಾಕೆ. ಮೂರೂ ಒಂದೇ ಕಡೆ ಸಿಗುವ ಊರು ನನಗೆ ಗೊತ್ತಿತ್ತು. ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಊರಿನಲ್ಲಿ 1979ರಿಂದ 1982ರವರೆಗೆ ಮೂರು ವರ್ಷ ಬ್ಯಾಂಕ್ ಗುಮಾಸ್ತನಾಗಿದ್ದೆ. ಅಷ್ಟು ದಿನದಲ್ಲಿ ಒಮ್ಮೆಯೂ ದೋಣಿ ಹತ್ತಿರಲಿಲ್ಲ.

ಆ ಊರು ಹೊನ್ನಾವರ. ಉತ್ತರ ಕನ್ನಡ ಜಿಲ್ಲೆಯಲ್ಲಿ ಶರಾವತಿ ನದಿ ಅರಬ್ಬಿ ಸಮುದ್ರ ಸೇರುವ ಜಾಗ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಸುಮಾರು 128 ಕಿ.ಮೀ. ಹರಿದು ಬರುವ ನದಿ ಇಲ್ಲಿಗೆ ಬರುವಾಗ ಆಚೆ ದಡದ ಮನುಷ್ಯ ಇರುವೆಯಂತೆ ಕಾಣುವಷ್ಟು ಅಗಲವಾಗಿರುತ್ತದೆ. ನಮ್ಮದು ತುಮಕೂರು ಕಡೆಯ ಬಯಲುಸೀಮೆ. ಎಂಟು ವರ್ಷದವನಾಗಿದ್ದಾಗ ಊರ ಕೆರೆಯ ಏರಿಯಿಂದ ಜಾರಿ ನೀರಿಗೆ ಬಿದ್ದಿದ್ದೆ. ಎಮ್ಮೆ ತೊಳೆಯುತ್ತಿದ್ದವರೊಬ್ಬರು ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದ್ದರು. ಆವತ್ತಿನಿಂದ ಬಕೆಟ್ ನೀರಿಗೂ ನನಗೂ ಒಂದು ಮೊಳ ದೂರ. ಅಂಥವನಿಗೆ ಸಿಕ್ಕಿದ ಮೊದಲ ವರ್ಗಾವಣೆ ಹೊನ್ನಾವರ!

ನನ್ನ ಕೌಂಟರಿಗೆ ಮೀನುಗಾರರು, ತೆಂಗಿನ ತೋಟದವರು ಬರುತ್ತಿದ್ದರು. ಮಳೆಗಾಲದಲ್ಲಿ ಅವರು ಕೊಡುತ್ತಿದ್ದ ನೋಟುಗಳು ಒದ್ದೆಯಾಗಿ, ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಅವನ್ನು ಫ್ಯಾನಿನ ಕೆಳಗೆ ಹರಡಿ, ಒಣಗಿಸಿ ಎಣಿಸುತ್ತಿದ್ದೆ. ಲೆಡ್ಜರಿನಲ್ಲಿ ಅವರ ವಿಳಾಸ ಬರೆಯುವಾಗ ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು: ಮಾವಿನಕುರ್ವೆ. ಕುರ್ವೆ ಎಂದರೆ ನದಿಯ ನಡುವಿನ ನಡುಗಡ್ಡೆ. ‘ಒಂದು ಭಾನುವಾರ ನಮ್ಮ ಕುರ್ವೆಗೆ ಬನ್ನಿ ಸಾರ್, ಎಳನೀರು ಕುಡಿದು ಬರಬಹುದು’ ಎಂದು ಎಷ್ಟೋ ಜನ ಕರೆದರು. ಲೆಕ್ಕ ಟ್ಯಾಲಿ ಆಗಿಲ್ಲ, ಆಡಿಟ್ ಇದೆ, ಜ್ವರ ಬಂದಂತಿದೆ ಎಂದು ನೆವ ಹೇಳಿಯೇ ಮೂರು ವರ್ಷ ಕಳೆದೆ. ನೂರಾರು ಸಲ ಕೈಯಾರೆ ಬರೆದ ಊರನ್ನು ಕಣ್ಣಾರೆ ನೋಡದೆ ವರ್ಗ ಮಾಡಿಸಿಕೊಂಡು ಬಂದುಬಿಟ್ಟೆ.

ಇದೆಲ್ಲ ಮೊಮ್ಮಕ್ಕಳಿಗೆ ಗೊತ್ತಿರಲಿಲ್ಲ. ಅವರ ಅಜ್ಜಿಗೆ ಗೊತ್ತಿತ್ತು. ಅವಳೇ ಟಿಕೆಟ್ ಮಾಡಿಸಿದಳು.

ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ರೈಲು ಬೆಳಗಾಗುವ ಹೊತ್ತಿಗೆ ಹೊನ್ನಾವರ ಮುಟ್ಟಿಸುತ್ತದೆ. ಮಕ್ಕಳೇ, ಈ ರೈಲಿನಲ್ಲಿ ಬಂದರೆ ನಿಲ್ದಾಣ ಬರುವ ಮೊದಲೇ ಎದ್ದು ಕಿಟಕಿಯ ಹತ್ತಿರ ಕೂತಿರಿ. ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಿದೆ. ಇಡೀ ಕೊಂಕಣ ರೈಲ್ವೆಯಲ್ಲಿ ಇದಕ್ಕಿಂತ ಉದ್ದದ ಸೇತುವೆ ಇಲ್ಲ. ಮಸುಕು ಬೆಳಕಿನಲ್ಲಿ ಕೆಳಗೆ ನೀರು, ತೆಂಗಿನ ತೋಟದ ಕುರ್ವೆಗಳು, ಒಂದೆರಡು ದೋಣಿ. ‘ತಾತ, ಸೇತುವೆ ಮುಗಿಯೋದೇ ಇಲ್ಲವಾ?’ ಎಂದು ಮೊಮ್ಮಗ ಕೇಳಿದ. ನಾನು ಉತ್ತರ ಕೊಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.

ಮೊದಲ ದಿನ ನನ್ನ ಧೈರ್ಯಕ್ಕೆ ತಕ್ಕಂತೆ ನೆಲದ ಮೇಲೆಯೇ ಆಯಿತು. ಶರಾವತಿಯ ಕಾಂಡ್ಲಾವನದ ನಡುವೆ ಅರಣ್ಯ ಇಲಾಖೆಯವರು ಮರದ ಹಲಗೆಯ ನಡಿಗೆ ದಾರಿ ಮಾಡಿದ್ದಾರೆ. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಗಿಡಮರಗಳು. ಹತ್ತಬೇಕಾದ ಏರಿಲ್ಲ, ಹಿಡಿದುಕೊಳ್ಳಲು ಕಟಾಂಜನ ಇದೆ. ಮಂಡಿ ನೋವಿನ ನನ್ನಂಥವರೂ ನಿಧಾನವಾಗಿ ನಡೆಯಬಹುದು. ನಾವು ಹತ್ತೂವರೆಗೆ ಹೋದೆವು. ಆಗ ನೀರು ಇಳಿದು ಕೆಸರು ತೆರೆದುಕೊಂಡಿತ್ತು. ಅದು ನಮ್ಮ ಅದೃಷ್ಟ, ಲೆಕ್ಕ ಹಾಕಿ ಹೋದದ್ದಲ್ಲ. ನೀರು ತುಂಬಿದ್ದಾಗ ಹೋದರೆ ಹಸಿರು ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲವಂತೆ.

ಕೆಸರಿನಲ್ಲಿ ಎಷ್ಟು ಸಂಸಾರಗಳು! ಒಂದು ಜಾತಿಯ ಗಿಡ ಕೊಂಬೆಯಿಂದಲೇ ಬಿಳಲು ಇಳಿಬಿಟ್ಟು ಕೊಡೆಯ ಕಡ್ಡಿಗಳ ಮೇಲೆ ನಿಂತಂತೆ ನಿಂತಿದೆ. ಇನ್ನೊಂದು ಜಾತಿಯ ಬೇರುಗಳು ನೆಲದೊಳಗಿಂದ ಮೇಲಕ್ಕೆ ಎದ್ದು, ನೂರಾರು ಪೆನ್ಸಿಲ್ ನೆಟ್ಟ ಹಾಗೆ ಕಾಣುತ್ತವೆ. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಬೇರು ಹೊರಗೆ ಬಂದು ಉಸಿರಾಡುತ್ತದೆ. ಮೊಮ್ಮಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮರದಲ್ಲಿ ತೂಗಾಡುತ್ತಿದ್ದ ಉದ್ದನೆಯ ಕೋಡುಗಳು. ಅವು ಕಾಯಿಯಲ್ಲ, ಸಸಿ! ಬೀಜ ಮರದ ಮೇಲೆಯೇ ಮೊಳೆತು, ಉದ್ದವಾಗಿ ಬೆಳೆದ ಮೇಲೆ ಕೆಳಗೆ ಬೀಳುತ್ತದೆ. ಕೆಸರಿಗೆ ಬಿದ್ದರೆ ಅಲ್ಲೇ ನಾಟಿಕೊಳ್ಳುತ್ತದೆ, ನೀರಿಗೆ ಬಿದ್ದರೆ ತೇಲುತ್ತಾ ಹೋಗಿ ಬೇರೆ ದಡ ಹಿಡಿಯುತ್ತದೆ. ಮೊಮ್ಮಗ ಮಾತ್ರ ಒಂದು ಕೈ ದೊಡ್ಡದು, ಒಂದು ಕೈ ಚಿಕ್ಕದು ಇರುವ ಪುಟಾಣಿ ಏಡಿಗಳನ್ನು ಬಿಟ್ಟು ಕದಲಲಿಲ್ಲ. ಗಂಡು ಏಡಿಗಳು ಆ ದೊಡ್ಡ ಕೈಯನ್ನು ‘ಬಾ ಬಾ’ ಎಂಬಂತೆ ಬೀಸುತ್ತವೆ. ಇವನೂ ಕೈ ಬೀಸಿದ. ಎಲ್ಲ ಏಡಿಗಳೂ ಒಟ್ಟಿಗೆ ಬಿಲ ಸೇರಿದವು.

ಸಂಜೆ ನದಿಯ ದಕ್ಷಿಣಕ್ಕಿರುವ ಕಾಸರಕೋಡು ಕಡಲತೀರ. 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ಭಾರತದ ಎಂಟು ಕಡಲತೀರಗಳಿಗೆ ಒಟ್ಟಿಗೆ ಸಿಕ್ಕಿತು. ಅದರಲ್ಲಿ ಕರ್ನಾಟಕದವು ಎರಡು, ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಗಾಳಿಮರಗಳ ನೆರಳಿದೆ, ಶೌಚಾಲಯ ಇದೆ, ಸ್ನಾನ ಮಾಡಿ ಬಟ್ಟೆ ಬದಲಿಸಲು ಜಾಗವಿದೆ. ಅಜ್ಜ ಅಜ್ಜಿಯರಿಗೆ ಇವೇ ದೊಡ್ಡ ವಿಷಯ ಎಂದು ಬೇರೆ ಹೇಳಬೇಕಾಗಿಲ್ಲ. ನೀರಿಗೆ ಇಳಿಯಲು ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯಬಾರದು. ಅದರಲ್ಲೂ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಿಯಲ್ಲಿ, ಮೇಲೆ ನೀರು ಎಷ್ಟೇ ಶಾಂತವಾಗಿ ಕಂಡರೂ ಕಾಲು ಹಾಕಕೂಡದು. ಒಳಗಿನ ಸೆಳೆತ ಕಣ್ಣಿಗೆ ಕಾಣುವುದಿಲ್ಲ.

ಚಳಿಗಾಲದಲ್ಲಿ ಇಲ್ಲಿನ ಮರಳಿಗೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ ಎಂದು ಹೇಳಿದ್ದಕ್ಕೆ ಮೊಮ್ಮಗ ಸೂರ್ಯ ಮುಳುಗುವವರೆಗೂ ಆಮೆ ಹುಡುಕಿದ. ಅಕ್ಟೋಬರ್‌ನಲ್ಲಿ ಎಲ್ಲಿಂದ ಬರಬೇಕು ಆಮೆ? ಇಬ್ಬರೂ ಮಕ್ಕಳು ಅಲೆಗೆ ಕಾಲು ಕೊಟ್ಟು ನಿಂತರು. ನಾನು ಇಬ್ಬರ ಅಂಗಿಯ ಬೆನ್ನನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ‘ತಾತ, ಬಿಡಿ ತಾತ, ಎಲ್ಲರೂ ನಗ್ತಾರೆ’ ಎಂದಳು ಮೊಮ್ಮಗಳು. ನಗಲಿ ಎಂದು ಬಿಡಲಿಲ್ಲ.

ಆ ರಾತ್ರಿ ಅವಳನ್ನು ಸಮಾಧಾನ ಮಾಡಲು ಒಂದು ಹಳೆಯ ಕಥೆ ಹೇಳಿದೆ. 14ನೇ ಶತಮಾನದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ಎಂಬ ಪ್ರವಾಸಿ ಈ ಊರಿಗೆ ಬಂದಿದ್ದ. ಆಗ ಇದು ಹೆಸರಾಂತ ಬಂದರು. ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ಇದನ್ನು ಕೇಳಿ ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ‘ಹುಡುಗರಿಗೆ ಮಾತ್ರ ಹತ್ತು ಜಾಸ್ತಿ ಯಾಕೆ?’ ಎಂದು ಕೇಳಿ ಮಗ್ಗುಲಾಗಿ ಮಲಗಿದಳು.

ಎರಡನೇ ದಿನ ದೋಣಿ. ನಾನು ಬರುವುದಿಲ್ಲ, ನೀವು ಮೂವರು ಹೋಗಿ ಎಂದೆ. ‘ಮೂರು ವರ್ಷ ತಪ್ಪಿಸಿಕೊಂಡದ್ದು ಸಾಲದೇ?’ ಎಂದು ನನ್ನಾಕೆ ಮಕ್ಕಳ ಎದುರಿಗೇ ಎಲ್ಲವನ್ನೂ ಹೇಳಿಬಿಟ್ಟಳು. ಕೆರೆ, ಎಮ್ಮೆ, ಲೆಡ್ಜರು, ಮಾವಿನಕುರ್ವೆ, ಒಂದೂ ಬಿಡದೆ. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಾ, ‘ತಾತನಿಗೂ ಹೆದರಿಕೆ ಆಗುತ್ತಾ?’ ಎಂದ. ಹೊರಡದೆ ವಿಧಿ ಇರಲಿಲ್ಲ.

ದೋಣಿಯವರು ಹಿಂದಿನ ದಿನವೇ, ‘ಬೆಳಿಗ್ಗೆ ಏಳಕ್ಕೆ ಬನ್ನಿ, ಒಂಬತ್ತರೊಳಗೆ ಮುಗಿಸುವ’ ಎಂದಿದ್ದರು. ನನ್ನದು ಬ್ಯಾಂಕಿನ ಶಿಸ್ತು. ಸ್ನಾನ, ಸಂಧ್ಯಾವಂದನೆ, ತಿಂಡಿ ಆಗದೆ ಹೊರಗೆ ಕಾಲಿಡುವವನಲ್ಲ. ಹೋಟೆಲಿನಲ್ಲಿ ಬಿಸಿಬಿಸಿ ಬನ್ಸ್ ಬೇರೆ ಬಂತು. ಬಾಳೆಹಣ್ಣು ಕಿವುಚಿ ಹಿಟ್ಟಿಗೆ ಕಲಸಿ ಕರಿದ ಬನ್ಸ್ ಕರಾವಳಿಯವರು ಮಾಡಿದ ಹಾಗೆ ಬೇರೆಯವರು ಮಾಡಲಾರರು. ನಾಲ್ಕು ತಿಂದೆ. ದಡಕ್ಕೆ ಹೋದಾಗ ಒಂಬತ್ತೂವರೆ. ದೋಣಿಯವರು ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ‘ತಡ ಆಯ್ತು. ನೀರು ಇಳೀತಾ ಉಂಟು. ಕುರ್ವೆಗೆ ಇಳಿಯೂಕೆ ಆಗುದಿಲ್ಲ, ಒಂದು ಸುತ್ತು ಹಾಕಿ ಬರುವ’ ಎಂದು ನಾಲ್ವರಿಗೂ ಲೈಫ್ ಜಾಕೆಟ್ ಕಟ್ಟಿದರು. ನಾನು ನನ್ನದರ ಪಟ್ಟಿಯನ್ನು ಮತ್ತೆ ಎರಡು ಸಲ ಬಿಗಿ ಮಾಡಿಕೊಂಡೆ.

ಹೋಗುವಾಗ ಸೊಗಸಾಗಿತ್ತು ಎಂದು ಉಳಿದ ಮೂವರೂ ಹೇಳುತ್ತಾರೆ. ಗರುಡ ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋದದ್ದು, ನೀರುಕಾಗೆ ರೆಕ್ಕೆ ಹರಡಿ ಕಂಬದ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದದ್ದು, ತೊಡೆಮಟ್ಟ ನೀರಿನಲ್ಲಿ ನಿಂತವರೊಬ್ಬರು ಬೀಸಿದ ಬಲೆ ಕೊಡೆಯಂತೆ ಅರಳಿ ಬಿದ್ದದ್ದು. ನಾನು ದೋಣಿಯ ಅಂಚನ್ನು ಹಿಡಿದ ನನ್ನ ಎರಡು ಕೈಗಳನ್ನು ನೋಡಿದೆ.

ಹಿಂದಿರುಗುವಾಗ ದೋಣಿಯ ತಳ ಜರ್ ಎಂದು ಸದ್ದು ಮಾಡಿ ನಿಂತಿತು. ನದಿಯ ನಡುವೆ! ಎಡಕ್ಕೂ ಬಲಕ್ಕೂ ದಡ ಬಹಳ ದೂರ. ದೋಣಿಯವರು ಯಂತ್ರ ನಿಲ್ಲಿಸಿ, ಜಲ್ಲೆ ಊರಿ ನೂಕಿ ನೋಡಿದರು. ಅಲುಗಲಿಲ್ಲ. ನೀರು ಇಳಿದು ಮರಳ ದಿಬ್ಬದ ಮೇಲೆ ಕೂತುಬಿಟ್ಟಿದ್ದೆವು.

‘ಎಂತಾ ಆಗುದಿಲ್ಲ. ಎಲ್ಲರೂ ಇಳಿದರೆ ದೋಣಿ ಹಗುರಾಗಿ ತೇಲ್ತದೆ. ಕೂತೇ ಇದ್ದರೆ ನೀರು ಇನ್ನೂ ಇಳಿದು ಮಧ್ಯಾಹ್ನ ಎರಡು ಗಂಟೆ ತನಕ ಇಲ್ಲೇ’ ಎಂದರು. ಹೇಳಿ ತಾವೇ ಮೊದಲು ಇಳಿದರು. ನೀರು ಅವರ ಮಂಡಿಗೂ ಬರಲಿಲ್ಲ. ಕೈಯಲ್ಲಿ ಜಲ್ಲೆ ಹಿಡಿದು ಸುತ್ತ ಹತ್ತು ಹೆಜ್ಜೆ ನಡೆದು, ಎಲ್ಲಿ ತನಕ ಗಟ್ಟಿ ಎಂದು ತೋರಿಸಿದರು. ನನ್ನಾಕೆ ತುಂಗಾ ದಂಡೆಯ ಊರಿನವಳು, ಚಿಕ್ಕಂದಿನಲ್ಲಿ ಈಜಿದವಳು. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಷ್ಟು ಸಲೀಸಾಗಿ ಇಳಿದಳು. ಮಕ್ಕಳು ಧುಮುಕಲು ತಯಾರು. ನಾನು ಇಬ್ಬರ ರಟ್ಟೆಯನ್ನೂ ಹಿಡಿದು ಕೂತಿದ್ದೆ.

‘ತಾತ, ನೀವು ಬಿಡದಿದ್ದರೆ ನಾವು ಇಳಿಯೋ ಹಾಗಿಲ್ಲ’ ಎಂದಳು ಮೊಮ್ಮಗಳು. ಅವಳು ಹೇಳಿದ್ದು ಮಾಮೂಲು ಮಾತು. ಆದರೆ ಹಿಂದಿನ ಸಂಜೆ ಅಂಗಿ ಹಿಡಿದದ್ದೂ ನೆನಪಾಗಿ ನಾಚಿಕೆಯಾಯಿತು. ಕೆರೆಗೆ ಬಿದ್ದವನು ನಾನು, ಅವರಲ್ಲ. ಕೈ ಬಿಟ್ಟೆ. ಇಬ್ಬರೂ ಅಜ್ಜಿಯ ಕೈ ಹಿಡಿದು ಇಳಿದರು. ಆಮೇಲೆ ಮೊಮ್ಮಗ ಹಿಂದಿರುಗಿ ನನ್ನ ಕಡೆ ಕೈ ಚಾಚಿದ. ಎಂಟು ವರ್ಷದ ಕೈ. ಅದನ್ನು ಹಿಡಿದು, ಪ್ಯಾಂಟು ಮಡಚಿ, ಕಾಲು ಇಳಿಬಿಟ್ಟೆ. ನೀರು ಬೆಚ್ಚಗಿತ್ತು. ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು, ಅಂಗಾಲಿಗೆ ಅಲೆಅಲೆಯಾಗಿ ತಾಗುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಶರಾವತಿಯ ನಟ್ಟನಡುವೆ ನಿಂತುಕೊಂಡೆ. ದೋಣಿ ತೇಲಿತು, ದೋಣಿಯವರು ಅದನ್ನು ಆಳದ ಕಡೆಗೆ ನೂಕಿದರು. ನಾವು ಅದರ ಜೊತೆ ಹತ್ತಿಪ್ಪತ್ತು ಹೆಜ್ಜೆ ನದಿಯಲ್ಲಿ ನಡೆದೆವು. ಮಂಡಿ ನೋವು ಆವತ್ತು ನೆನಪಾಗಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಬೆರಳದ್ದಿ ನಾಲಿಗೆಗೆ ಇಟ್ಟು ಅಜ್ಜಿಯ ಕೈಲಿ ಬೈಸಿಕೊಂಡಳು. ‘ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು’ ಎಂದು ವರದಿ. ‘ಭರತ ಬಂದಾಗ ನೋಡು, ಬೇರೆ ರುಚಿ’ ಎಂದರು ದೋಣಿಯವರು. ಅವರ ತಾಯಿ ಹಿಂದೆ ಇಂಥ ದಿಬ್ಬಗಳಲ್ಲಿ ಕೂತು ಬುಟ್ಟಿಗಟ್ಟಲೆ ಬಳಚು ಆರಿಸುತ್ತಿದ್ದರಂತೆ. ಬಳಚು ಎಂದರೆ ಎರಡು ಚಿಪ್ಪಿನ ಮೃದ್ವಂಗಿ, ಕರಾವಳಿಯ ಎಷ್ಟೋ ಮನೆಗಳಿಗೆ ಊಟ, ವ್ಯಾಪಾರ ಎರಡೂ. ಈಗ ಅಷ್ಟಿಲ್ಲ ಎಂದರು. ಕಾರಣ ಮೇಲೆ ಘಟ್ಟದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಅಲ್ಲಿ ವಿದ್ಯುತ್ ತಯಾರಿಸಿದ ನೀರು ಗೇರುಸೊಪ್ಪೆಯ ಮೂಲಕ ಬೇಸಿಗೆಯಲ್ಲೂ ಹರಿದು ಬಂದು ಅಳಿವೆಯ ಉಪ್ಪನ್ನು ತೆಳ್ಳಗೆ ಮಾಡುತ್ತದೆ. ಉಪ್ಪುನೀರು ಬೇಕಾದ ಮೀನು, ಚಿಪ್ಪುಗಳಿಗೆ ಇದು ಒಗ್ಗುವುದಿಲ್ಲ. ಪಕ್ಕದ ಕುಮಟಾದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಬಳಚು ಹೆಚ್ಚು. ನಾವು ಬೆಂಗಳೂರಿನಲ್ಲಿ ಸ್ವಿಚ್ ಒತ್ತಿದರೆ ಇಲ್ಲಿ ಯಾರದೋ ಬುಟ್ಟಿಯಲ್ಲಿ ಖರ್ಚು ಬೀಳುತ್ತದೆ. ಬ್ಯಾಂಕಿನವನಾದ ನನಗೆ ಈ ಲೆಕ್ಕ ಆಗ ತಿಳಿದಿರಲಿಲ್ಲ.

ಮಧ್ಯಾಹ್ನದ ಮೇಲೆ ಅಪ್ಸರಕೊಂಡಕ್ಕೆ ಹೋದೆವು. ಕಾಡಿನ ನಡುವೆ ಸಣ್ಣ ಜಲಪಾತ, ಅದರ ಕೆಳಗೆ ಕೊಳ, ಪಕ್ಕದಲ್ಲಿ ಗುಹೆಗಳು. ಮಳೆಗಾಲ ಮುಗಿದ ಹೊಸತರಲ್ಲಿ ನೀರು ಚೆನ್ನಾಗಿರುತ್ತದೆ, ಬೇಸಿಗೆಗೆ ಸಣ್ಣಗಾಗುತ್ತದೆ. ಮೆಟ್ಟಿಲು ಇಳಿಯಲಾಗದವರು ಮೇಲಿನ ಗುಡ್ಡದ ಉದ್ಯಾನದಲ್ಲಿ ಕೂತು ಕೆಳಗೆ ಹಬ್ಬಿದ ಸಮುದ್ರ ನೋಡಬಹುದು. ನಾನು ಕೂತು ನೋಡಿದೆ. ಎಲ್ಲವನ್ನೂ ಒಂದೇ ದಿನ ಜಯಿಸಬೇಕೆಂದಿಲ್ಲ.

ಆ ಸಂಜೆ ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತು ಬೆಳಿಗ್ಗೆ ಆರಕ್ಕೆ ನೀರು ತುಂಬಿತ್ತು ಎಂದು ದೋಣಿಯವರು ಹೇಳಿದ್ದಾರೆ. ನಾಳೆ ಎಷ್ಟಕ್ಕೆ? ಅವಳು ಬೆರಳೆಣಿಸಿ ‘ಆರು ಐವತ್ತು’ ಎಂದಳು. ಚಂದ್ರ ದಿನಾ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ಸಮುದ್ರವೂ ಅವನ ಹಿಂದೆಯೇ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನದಿಯೂ ಕಡಲೂ ಕೂಡುವ ಊರಿಗೆ ಹೋದರೆ, ಹೋಟೆಲಿನಲ್ಲಿ ತಿಂಡಿ ಎಷ್ಟು ಹೊತ್ತಿಗೆ ಎಂದು ಕೇಳುವ ಮೊದಲು ಉಬ್ಬರ ಎಷ್ಟು ಹೊತ್ತಿಗೆ ಎಂದು ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ದೋಣಿಯ ಆಸೆ ಬೇಡ.

ಮೂರನೇ ದಿನ ಎಲ್ಲರಿಗಿಂತ ಮೊದಲು ಎದ್ದವನು ನಾನು. ಮಕ್ಕಳನ್ನು ಎಬ್ಬಿಸಿದೆ. ‘ತಿಂಡಿ?’ ಎಂದಳು ನನ್ನಾಕೆ. ಬಂದು ತಿಂದರಾಯಿತು ಎಂದೆ. ಅವಳು ಕಿಟಕಿಯ ಹೊರಗೆ ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಎಂದು ನೋಡಿದಳು.

ಏಳಕ್ಕೆ ದಡದಲ್ಲಿದ್ದೆವು. ನದಿ ಅಂಚಿನವರೆಗೆ ತುಂಬಿ ಕನ್ನಡಿಯ ಹಾಗಿತ್ತು. ಹಿಂದಿನ ದಿನ ನಿಂತಿದ್ದ ದಿಬ್ಬ ಎಲ್ಲಿತ್ತು ಎಂದೇ ತಿಳಿಯಲಿಲ್ಲ. ಮೊಮ್ಮಗಳು ಬೆರಳದ್ದಿ, ಅಜ್ಜಿ ನೋಡುವ ಮೊದಲೇ ರುಚಿ ನೋಡಿ, ‘ಇವತ್ತು ಸಾರಿನಷ್ಟು ಉಪ್ಪು’ ಎಂದಳು. ನಾನು ದೋಣಿಯ ಅಂಚನ್ನು ಒಂದು ಕೈಯಲ್ಲಿ ಮಾತ್ರ ಹಿಡಿದಿದ್ದೆ. ಇನ್ನೊಂದು ಕೈಯಲ್ಲಿ ಮೊಮ್ಮಗನಿಗೆ ಗರುಡ ತೋರಿಸುತ್ತಿದ್ದೆ.

ಮಾವಿನಕುರ್ವೆಯಲ್ಲಿ ಇಳಿದೆವು. ತೆಂಗಿನ ತೋಟ, ಕಲ್ಲಿನ ಪಾಗಾರ, ಒಣಹಾಕಿದ ಬಲೆ, ಸಮವಸ್ತ್ರ ಇಲ್ಲದ ರಜೆಯ ಮಕ್ಕಳು. ನಾನು ಬರೆಯುತ್ತಿದ್ದ ಐದು ಅಕ್ಷರದೊಳಗೆ ಇಷ್ಟೆಲ್ಲ ಇತ್ತು. ಬಾವಿಕಟ್ಟೆಯ ಬಳಿ ನನಗಿಂತ ಹಿರಿಯರೊಬ್ಬರು ಕೊಡ ಇಳಿಸಿ, ‘ಯಾರ ಮನೆಗೆ ಬಂದ್ರಿ?’ ಎಂದು ಕೇಳಿದರು. ಏನು ಹೇಳಬೇಕೆಂದು ತೋಚದೆ, ‘ನಾನು ಹೊನ್ನಾವರದ ಬ್ಯಾಂಕಿನವನಮ್ಮ’ ಎಂದುಬಿಟ್ಟೆ.

ಅವರ ಮುಖ ಬಿಗಿಯಿತು. ‘ಎಂತಕ್ಕೆ? ಸಾಲ ವಸೂಲಿಗಾ?’ ಎಂದರು.

ನನ್ನಾಕೆ ನಗು ತಡೆಯಲಾರದೆ ಬಾವಿಕಟ್ಟೆಯ ಮೇಲೆ ಕೂತೇಬಿಟ್ಟಳು. ನಲವತ್ತು ವರ್ಷದ ಹಿಂದೆ ಇಲ್ಲಿಯವರು ಎಳನೀರಿಗೆ ಕರೆದಿದ್ದರು, ಈಗ ಬಂದಿದ್ದೇನೆ ಎಂದು ವಿವರಿಸಿ ಹೇಳಿದ ಮೇಲೆ ಆ ತಾಯಿಯೂ ನಕ್ಕರು. ಒಳಗೆ ಹೋಗಿ ಹುಡುಗನೊಬ್ಬನನ್ನು ಕೂಗಿ, ‘ಬ್ಯಾಂಕಿನವರು ಬಂದಿದ್ದಾರೆ, ನಾಲ್ಕು ಬೊಂಡ ಇಳಿಸು’ ಎಂದರು.